ಒಂದು ಶಬ್ದದ ವಿಚಾರಣೆ

ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ಅಧ್ಯಾಪಕನಿಗೆ ವರ್ಷಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆಯೊಂದಿದೆ. ಕಳೆದ ವರ್ಷ ಅದನ್ನು ಕೇಳಿದವಳು ಹಿಂದಿನ ಬೆಂಚಿನಲ್ಲಿ ಕುಳಿತು ಎಂದೂ ಬಾಯಿ ತೆರೆಯದಿದ್ದ ಒಬ್ಬ ವಿದ್ಯಾರ್ಥಿನಿ. ಆನಂದವರ್ಧನನ ಪ್ರಸಿದ್ಧವಾದ ಉದಾಹರಣೆಯನ್ನು ವಿವರಿಸುತ್ತಿದ್ದೆ. ಗೋದಾವರಿಯ ದಡದ ಪೊದೆಗಳ ಬಳಿಗೆ ಬರುತ್ತಿದ್ದ ಧಾರ್ಮಿಕನೊಬ್ಬನಿಗೆ ಹೆಣ್ಣೊಬ್ಬಳು, ನಿನ್ನನ್ನು ಕಾಡುತ್ತಿದ್ದ ನಾಯಿಯನ್ನು ಸಿಂಹ ಕೊಂದುಹಾಕಿತು, ಇನ್ನು ನಿಶ್ಚಿಂತೆಯಾಗಿ ತಿರುಗಾಡಬಹುದು ಎನ್ನುತ್ತಾಳೆ. ಮಾತಿನಲ್ಲಿರುವುದು ಅನುಮತಿ; ಧ್ವನಿಯಲ್ಲಿರುವುದು ನಿಷೇಧ. ಆಕೆ ಎದ್ದು ನಿಂತು, "ಸಾರ್, ನಾನು ಹಾಗೆ ಹೇಳಲೇ ಇಲ್ಲ ಎಂದು ಅವಳು ಅಂದುಬಿಟ್ಟರೆ? ಧ್ವನಿಯನ್ನು ರುಜುವಾತು ಮಾಡುವುದು ಹೇಗೆ?" ಎಂದಳು. ಸಹೃದಯನ ಅನುಭವವೇ ಪ್ರಮಾಣ ಎಂದು ಶಾಸ್ತ್ರದ ಉತ್ತರವನ್ನು ಕೊಟ್ಟೆ. ಆಕೆ ಕುಳಿತಳು. ಆದರೆ ಆಕೆಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ಈಚೆಗೆ ವಕೀಲರಾದ ನನ್ನ ಮಿತ್ರರೊಬ್ಬರ ಮನೆಯಲ್ಲಿ ಅಮೆರಿಕದ ಕೆಲವು ತೀರ್ಪುಗಳನ್ನು ಓದುವ ಸಂದರ್ಭ ಒದಗಿತು. ನೌಕರಿಯಲ್ಲಿ ಬಡ್ತಿ ಕೊಡುವಾಗ ಜನಾಂಗಭೇದವನ್ನು ತೋರಿದರೆಂಬ ದೂರುಗಳನ್ನು ಕುರಿತವು ಅವು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಅಲ್ಲಿಯ ನ್ಯಾಯಾಧೀಶರು ವರ್ಷಗಟ್ಟಲೆ ತಮ್ಮತಮ್ಮಲ್ಲಿ ಚರ್ಚಿಸಿದ್ದಾರೆಂದು ತಿಳಿದು ಆಶ್ಚರ್ಯವಾಯಿತು.

ಮೊದಲು ಹಿನ್ನೆಲೆಯನ್ನು ಹೇಳಬೇಕು. ಅಮೆರಿಕದಲ್ಲಿ 1964ರಲ್ಲಿ ಅಂಗೀಕೃತವಾದ ಪೌರಹಕ್ಕುಗಳ ಕಾಯಿದೆಯ ಏಳನೆಯ ಭಾಗವು, ಬಣ್ಣವನ್ನೋ ಜನಾಂಗವನ್ನೋ ನೋಡಿ ಕೆಲಸ ಕೊಡುವುದನ್ನೂ ಬಡ್ತಿ ಕೊಡುವುದನ್ನೂ ನಿಷೇಧಿಸಿತು. ಅದು ಜಾರಿಗೆ ಬಂದದ್ದು 1965ರ ಜುಲೈ 2ರಂದು. ಉತ್ತರ ಕ್ಯಾರೊಲೈನಾದ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿಗೆ ಡ್ಯಾನ್ ರಿವರ್ ಎಂಬಲ್ಲಿ ಒಂದು ಉಗಿಶಕ್ತಿಯ ಸ್ಥಾವರವಿತ್ತು. 95 ನೌಕರರಲ್ಲಿ 14 ಮಂದಿ ಕಪ್ಪು ಜನ. ಇದ್ದ ಐದು ವಿಭಾಗಗಳಲ್ಲಿ, ಗುಡಿಸುವ ಹೊರುವ ಕೂಲಿಯ ವಿಭಾಗವೊಂದೇ ಅವರ ಪಾಲಿನದು. ಅಲ್ಲಿಯ ಅತಿ ಹೆಚ್ಚಿನ ಸಂಬಳವು ಉಳಿದ ನಾಲ್ಕು ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕಡಿಮೆ. ಕಾಯಿದೆ ಬಂದೊಡನೆ ಕಂಪನಿಯು ಬಣ್ಣದ ಮಾತನ್ನು ಕೈಬಿಟ್ಟಿತು. ಅದರ ಬದಲು, ಕೂಲಿಯ ವಿಭಾಗದಿಂದ ಮೇಲಕ್ಕೆ ಹೋಗಬೇಕಾದರೆ ಹೈಸ್ಕೂಲು ಮುಗಿಸಿರಬೇಕು, ಇಲ್ಲವೆ ಎರಡು ಬುದ್ಧಿಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು ಎಂದಿತು. ನಿಯಮ ಎಲ್ಲರಿಗೂ ಒಂದೇ. ಆದರೆ 1960ರ ಜನಗಣತಿಯಂತೆ ಆ ರಾಜ್ಯದಲ್ಲಿ ಹೈಸ್ಕೂಲು ಮುಗಿಸಿದ್ದ ಗಂಡಸರು ಬಿಳಿಯರಲ್ಲಿ ನೂರಕ್ಕೆ 34, ಕಪ್ಪು ಜನರಲ್ಲಿ ನೂರಕ್ಕೆ 12. ಹೈಸ್ಕೂಲನ್ನೇ ಕಾಣದೆ ಹಿಂದಿನಿಂದ ಕೆಲಸದಲ್ಲಿದ್ದ ಬಿಳಿಯರು ಮೇಲಿನ ವಿಭಾಗಗಳಲ್ಲಿ ಚೆನ್ನಾಗಿಯೇ ದುಡಿಯುತ್ತಿದ್ದರು, ಬಡ್ತಿಯನ್ನೂ ಪಡೆಯುತ್ತಿದ್ದರು. ಹದಿನಾಲ್ವರಲ್ಲಿ ಹದಿಮೂವರು ದಾವೆ ಹೂಡಿದರು. ಗ್ರಿಗ್ಸ್ ಮೊಕದ್ದಮೆ ಎಂದು ಹೆಸರಾದದ್ದು ಇದೇ.

1971ರ ಮಾರ್ಚಿ 8ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ದುಡಿಮೆಗಾರರ ಪರವಾಗಿ ತೀರ್ಪಿತ್ತಿತು. ಅದನ್ನು ಬರೆದ ಮುಖ್ಯ ನ್ಯಾಯಾಧೀಶ ವಾರನ್ ಬರ್ಗರ್ ನೆನೆದದ್ದು ನಮ್ಮ ಮಕ್ಕಳಿಗೂ ಗೊತ್ತಿರುವ ಈಸೋಪನ ಕಥೆಯನ್ನು. ನರಿಯು ಕೊಕ್ಕರೆಯನ್ನು ಊಟಕ್ಕೆ ಕರೆದು ಅಗಲವಾದ ತಟ್ಟೆಯಲ್ಲಿ ಬಡಿಸಿತು. ಪಂಕ್ತಿಭೇದವೇನೂ ಇರಲಿಲ್ಲ; ಇಬ್ಬರಿಗೂ ಒಂದೇ ತಟ್ಟೆ, ಒಂದೇ ಹಾಲು. ಉಣ್ಣುವವನ ಕೊಕ್ಕನ್ನು ನೋಡದೆ ಬಡಿಸಿದ ಸಮಾನತೆಯು ಸಮಾನತೆಯಲ್ಲ ಎಂಬುದು ತೀರ್ಪಿನ ಹುರುಳು. ನಿಯಮವು ಕೆಲಸಕ್ಕೆ ನಿಜವಾಗಿ ಬೇಕಾದುದೆಂದು ತೋರಿಸುವ ಹೊಣೆ ಕಂಪನಿಯದು. ಕಂಪನಿಯ ಮನಸ್ಸು ಕೆಟ್ಟದ್ದೆಂದು ನ್ಯಾಯಾಲಯ ಹೇಳಲಿಲ್ಲವೆಂಬುದನ್ನೂ ಗಮನಿಸಬೇಕು. ಓದು ಮುಗಿಸಲು ಬಯಸುವ ನೌಕರರ ಶಾಲಾ ಶುಲ್ಕದಲ್ಲಿ ಮೂರರಲ್ಲಿ ಎರಡು ಪಾಲನ್ನು ಅದೇ ಕೊಡುತ್ತಿತ್ತು. ಮನಸ್ಸು ಒಳ್ಳೆಯದಿದ್ದರೂ ತಟ್ಟೆ ತಟ್ಟೆಯೇ.

ಇದು ಲೆಕ್ಕದ ಬಲದಿಂದ ಗೆದ್ದ ವ್ಯಾಜ್ಯ. ಲೆಕ್ಕವಿಲ್ಲದೆ ಬರಿಯ ಮಾತೇ ಸಾಕ್ಷಿಯಾಗಿದ್ದರೆ ಏನು ಗತಿ? ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಮೊಕದ್ದಮೆ.

ಅಲಬಾಮಾ ರಾಜ್ಯದ ಗ್ಯಾಡ್ಸ್‌ಡನ್ ಎಂಬಲ್ಲಿ ಟೈಸನ್ ಫುಡ್ಸ್ ಕಂಪನಿಯ ಕೋಳಿಮಾಂಸದ ಕಾರ್ಖಾನೆ. ಅಲ್ಲಿ ಮೇಲ್ವಿಚಾರಕರಾಗಿದ್ದ ಇಬ್ಬರು ಕಪ್ಪು ಜನಾಂಗದವರು, ತೆರವಾದ ಎರಡು ಪಾಳಿ ವ್ಯವಸ್ಥಾಪಕರ ಸ್ಥಾನಗಳಿಗೆ ಅರ್ಜಿ ಹಾಕಿದರು. ಕಾರ್ಖಾನೆಯ ಮುಖ್ಯಸ್ಥ ಎರಡನ್ನೂ ಬಿಳಿಯರಿಗೆ ಕೊಟ್ಟ. ಆತ ತಮ್ಮಿಬ್ಬರನ್ನೂ 'ಬಾಯ್' ಎಂದು ಕರೆಯುತ್ತಿದ್ದನೆಂದು ಈ ಇಬ್ಬರು ಸಾಕ್ಷ್ಯ ನುಡಿದರು. ಒಮ್ಮೆ ಊಟದ ಕೋಣೆಯಲ್ಲಿ, ಒಬ್ಬಾತನನ್ನು ಹೆಂಡತಿಯ ಎದುರಿಗೇ ಹಾಗೆ ಕರೆದು ಕೆಲಸಕ್ಕೆ ಹೊರಡೆಂದನಂತೆ. ಆಕೆ, ಇವರು ಹುಡುಗನಲ್ಲ, ಗಂಡಸು ಎಂದಳು. ಮುಖ್ಯಸ್ಥ ಒಂದು ವ್ಯಂಗ್ಯದ ನಗೆ ನಕ್ಕು ಹೊರಟುಹೋದನಂತೆ.

ಜ್ಯೂರಿಯು ಇಬ್ಬರ ಪರವಾಗಿ ಹೇಳಿತು. ವಿಚಾರಣೆಯ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. 2005ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಹೇಳಿದ ಮಾತು ಯಾವ ಅಲಂಕಾರಶಾಸ್ತ್ರದ ಅಧ್ಯಾಪಕನನ್ನಾದರೂ ಕೆಣಕುವಂಥದು: 'ಕಪ್ಪು' ಎಂದೋ 'ಬಿಳಿಯ' ಎಂದೋ ಒಂದು ವಿಶೇಷಣ ಜೊತೆಗಿದ್ದರೆ 'ಬಾಯ್' ಎಂಬುದು ಜನಾಂಗದ್ವೇಷಕ್ಕೆ ಸಾಕ್ಷಿಯಾದೀತು, ಬರಿಯ 'ಬಾಯ್' ಸಾಕ್ಷಿಯಾಗದು. ವಾಚ್ಯಾರ್ಥವೊಂದೇ ಅರ್ಥವೆಂದು ವಾದಿಸುವವರು ನಮ್ಮಲ್ಲೂ ಇದ್ದರು. ಅವರಿಗೆ ಉತ್ತರ ಕೊಡಲೆಂದೇ ಧ್ವನಿಸಿದ್ಧಾಂತ ಹುಟ್ಟಿದ್ದಲ್ಲವೆ?

2006ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿಕ್ಕದೊಂದು ತೀರ್ಪಿನಲ್ಲಿ ಇದನ್ನು ಒಪ್ಪಲಿಲ್ಲ. ಆ ಶಬ್ದ ಯಾವಾಗಲೂ ದ್ವೇಷದ ಸಾಕ್ಷಿಯಲ್ಲ, ನಿಜ. ಆದರೆ ವಿಶೇಷಣವಿಲ್ಲದ ಮಾತ್ರಕ್ಕೆ ನಿರ್ದೋಷವೂ ಅಲ್ಲ. ಆಡಿದವನ ಅಭಿಪ್ರಾಯವನ್ನು ನಿರ್ಧರಿಸುವಾಗ ಸಂದರ್ಭ, ಸ್ವರದ ಏರಿಳಿತ, ದನಿ, ಆ ಸೀಮೆಯ ವಾಡಿಕೆ, ಶಬ್ದದ ಹಿಂದಿನ ಬಳಕೆ ಇವನ್ನೆಲ್ಲ ನೋಡಬೇಕು ಎಂದಿತು. ಇದನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ನಕ್ಕುಬಿಟ್ಟೆ. ಹನ್ನೊಂದನೆಯ ಶತಮಾನದ ಮಮ್ಮಟ 'ಕಾವ್ಯಪ್ರಕಾಶ'ದ ಮೂರನೆಯ ಉಲ್ಲಾಸದಲ್ಲಿ, ವಾಚ್ಯವನ್ನು ಮೀರಿದ ಅರ್ಥ ಯಾವುದರಿಂದ ಹೊಳೆಯುತ್ತದೆಂದು ಪಟ್ಟಿ ಮಾಡುತ್ತಾನೆ. ಮಾತನಾಡುವವನು, ಕೇಳುವವನು, ಕಾಕು, ಪ್ರಸ್ತಾವ, ದೇಶ, ಕಾಲ ಇವೆಲ್ಲ ಅದರಲ್ಲಿ ಬರುತ್ತವೆ. ಕಾಕುವೆಂದರೆ ದನಿಯ ಕೊಂಕು, ಪ್ರಸ್ತಾವವೆಂದರೆ ಸಂದರ್ಭ. ಕಾಶ್ಮೀರದ ಪಂಡಿತನೂ ವಾಷಿಂಗ್ಟನ್ನಿನ ನ್ಯಾಯಾಧೀಶರೂ ಒಬ್ಬರನ್ನೊಬ್ಬರು ಅರಿಯದೆಯೇ ಹೆಚ್ಚುಕಡಮೆ ಒಂದೇ ಪಟ್ಟಿಯನ್ನು ಬರೆದಿದ್ದಾರೆ.

ದೇಶ, ಕಾಲ ಎಂದೆನಷ್ಟೆ. ಅಮೆರಿಕದ ದಕ್ಷಿಣದಲ್ಲಿ ಗುಲಾಮಗಿರಿಯ ದಿನಗಳಿಂದಲೂ ಕಪ್ಪು ಗಂಡಸು ಎಷ್ಟೇ ಮುದುಕನಾದರೂ ಬಿಳಿಯರ ಬಾಯಲ್ಲಿ 'ಬಾಯ್'. 1968ರಲ್ಲಿ ಮೆಂಫಿಸ್ ನಗರದ ಜಾಡಮಾಲಿಗಳು ಮುಷ್ಕರ ಹೂಡಿದಾಗ ಕೊರಳಿಗೆ ತೂಗುಹಾಕಿಕೊಂಡ ಫಲಕಗಳಲ್ಲಿ ಬರೆದಿದ್ದುದು ಸಂಬಳದ ಮಾತಲ್ಲ. ತಾನೊಬ್ಬ ಗಂಡಸು, ಮನುಷ್ಯ ಎಂಬಷ್ಟೇ ಮಾತು. ಅವರ ಬೆಂಬಲಕ್ಕೆಂದು ಹೋಗಿದ್ದಾಗಲೇ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದದ್ದು. ಕೋಳಿಯ ಕಾರ್ಖಾನೆಯ ಊಟದ ಕೋಣೆಯಲ್ಲಿ ಆ ಹೆಂಡತಿ ಆಡಿದ ಮಾತಿನ ಹಿಂದೆ ಇಷ್ಟೆಲ್ಲ ಇತ್ತು.

ಅಲ್ಲಿಗೆ ಮುಗಿಯಿತೆಂದುಕೊಂಡೀರಿ. ಮುಗಿಯಲಿಲ್ಲ. ಮೊಕದ್ದಮೆ ಕೆಳಕ್ಕೆ ಹಿಂತಿರುಗಿ ಬಂದು, ಇಬ್ಬರಲ್ಲಿ ಒಬ್ಬಾತನ ದಾವೆ ಬಿದ್ದುಹೋಯಿತು. ಇನ್ನೊಬ್ಬಾತನದು ಪುನರ್ವಿಚಾರಣೆಯಾಗಿ, ಮತ್ತೊಂದು ಜ್ಯೂರಿಯೂ ಆತನ ಪರವಾಗಿಯೇ ಹೇಳಿತು. 2010ರಲ್ಲಿ ಅದೇ ಮೇಲ್ಮನವಿಯ ನ್ಯಾಯಾಲಯ, ಆ ಶಬ್ದವು ಸಾಮಾನ್ಯ ಸಂಭಾಷಣೆಯ ಶಬ್ದವಾಗಿತ್ತೆಂದು ಹೇಳಿ ಮತ್ತೆ ತಳ್ಳಿಹಾಕಿತು. ಆಗ ಪೌರಹಕ್ಕುಗಳ ಚಳವಳಿಯಲ್ಲಿ ನೊಂದು ಬೆಂದಿದ್ದ ಕೆಲವರು ನ್ಯಾಯಾಲಯಕ್ಕೆ ಒಂದು ನಿವೇದನೆಯನ್ನು ಸಲ್ಲಿಸಿ, ಆ ಶಬ್ದವನ್ನು ತಾವು ಹೇಗೆ ಕೇಳಿದ್ದೆವೆಂಬುದನ್ನು ಬಿಡಿಸಿ ಹೇಳಿದರು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಸಹೃದಯರೇ ಕಟಕಟೆಗೆ ಬಂದರು. 2011ರ ಡಿಸೆಂಬರಿನಲ್ಲಿ ಅದೇ ನ್ಯಾಯಾಧೀಶರು ತಮ್ಮ ತೀರ್ಪನ್ನು ತಾವೇ ಬದಲಿಸಿ, ದಂಡರೂಪದ ಹಣವನ್ನು ಬಿಟ್ಟು ಉಳಿದ ಪರಿಹಾರವನ್ನು ಕೊಡಿಸಿದರು. ತಾವು ತಪ್ಪಿದೆವೆಂದು ಕಂಡುಕೊಳ್ಳುವುದು ನ್ಯಾಯಾಧೀಶರಿಗಾಗಲಿ ಅಧ್ಯಾಪಕರಿಗಾಗಲಿ ಸುಲಭವಲ್ಲ; ಅದಕ್ಕಾಗಿ ಅವರಿಗೆ ನಮಸ್ಕಾರ.

ಈ 'ಬಾಯ್' ನಮಗೂ ಹೊಸಬನಲ್ಲ. ಆಂಗ್ಲೋ-ಇಂಡಿಯನ್ ಶಬ್ದಗಳ ಹಳೆಯ ಕೋಶವಾದ 'ಹಾಬ್ಸನ್-ಜಾಬ್ಸನ್' 1886ರಲ್ಲೇ, ದಕ್ಷಿಣ ಭಾರತದಲ್ಲಿ ಮನೆಯ ಆಳನ್ನು ಹೀಗೆ ಕರೆಯುವರೆಂದು ಬರೆದಿಟ್ಟಿದೆ. ದೊರೆಗಳು ಹೋದರು. ನಮ್ಮದೇ ಭಾಷೆಯಲ್ಲಿ ಅದಕ್ಕಿಂತ ಹಳೆಯದೊಂದು ವ್ಯವಸ್ಥೆ ಇತ್ತು, ಅದು ಹೋಗಿಲ್ಲ. ಹತ್ತು ವರ್ಷದ ಪೋರನು ತಾತನ ವಯಸ್ಸಿನವನನ್ನು 'ಬಾರೋ' ಎಂದು ಕರೆಯುವುದನ್ನೂ, ಆ ಮುದುಕ 'ಬಂದೆ ಬುದ್ಧಿ' ಎನ್ನುವುದನ್ನೂ ನಾನು ನನ್ನೂರಿನಲ್ಲಿ ಕೇಳಿದ್ದೇನೆ. ಏಕವಚನ ಪ್ರೀತಿಯದೂ ಆಗಬಹುದು, ದೇವರಿಗೂ ಸಲ್ಲುತ್ತದೆ ಎಂದು ವ್ಯಾಕರಣದ ಪಾಠದಲ್ಲಿ ಹೇಳುತ್ತೇವೆ. ಆ ಮುದುಕನಿಗೆ ಯಾವ ಏಕವಚನ ಸಂದಿತ್ತೆಂಬುದನ್ನು ಹೇಳುವುದಿಲ್ಲ.

ಕೊನೆಯದಾಗಿ, ಹೇಳಲು ಸಂಕೋಚವಾಗುವ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ನಾನು ಇದ್ದ ಒಂದು ಕಾಲೇಜಿನಲ್ಲಿ ಗುಮಾಸ್ತನ ಸ್ಥಾನವೊಂದು ತೆರವಾಯಿತು. ಅಲ್ಲಿ ಇಪ್ಪತ್ತು ವರ್ಷ ಜವಾನರಾಗಿದ್ದ ಒಬ್ಬರು, ರಾತ್ರಿ ಓದಿ ಪಿ.ಯು.ಸಿ. ಮುಗಿಸಿದವರು, ಬೆರಳಚ್ಚಿನ ಪರೀಕ್ಷೆಯಲ್ಲೂ ತೇರ್ಗಡೆಯಾದವರು, ಬಡ್ತಿಗೆ ಅರ್ಜಿ ಕೊಟ್ಟರು. ಅರ್ಜಿಗಳನ್ನು ನೋಡಿದ ಸಮಿತಿಯಲ್ಲಿ ನಾನೂ ಒಬ್ಬ. ಸಮಿತಿಯ ಹಿರಿಯರೊಬ್ಬರು ನಗುತ್ತಲೇ, "ಆ ಹುಡುಗ ಒಳ್ಳೆಯವನು, ಆದರೆ ಟೇಬಲ್ಲಿನ ಕೆಲಸ ಅವನಿಗೆ ಒಗ್ಗುವುದಿಲ್ಲ" ಎಂದರು. 'ಹುಡುಗ'ನಿಗೆ ಆಗ ನಲವತ್ತಾರು ವರ್ಷ, ನನಗಿಂತ ಹಿರಿಯರು. ಅವರು ಯಾವ ಕೇರಿಯಿಂದ ಬಂದವರೆಂಬುದು ಅಲ್ಲಿ ಕುಳಿತಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಡಾವಳಿಯ ಪುಸ್ತಕದಲ್ಲಿ, ಕೆಲಸಕ್ಕೆ ಬೇಕಾದ ಅನುಭವವಿಲ್ಲ ಎಂದು ಬರೆಯಲಾಯಿತು. ನಾನು ಸಹಿ ಹಾಕಿದೆ. ಆ ಸ್ಥಾನಕ್ಕೆ ಬಂದ ತರುಣನಿಗೂ ಅನುಭವವೇನೂ ಇರಲಿಲ್ಲವೆಂಬುದು ಆಮೇಲೆ ನೆನಪಾಯಿತು.

ಸಂಜೆ ಕಡತಗಳಿಗೆ ಬೀಗ ಹಾಕಲು ಅವರೇ ಬಂದರು. ಸಮಿತಿ ಏನು ತೀರ್ಮಾನಿಸಿತೆಂದು ಕೇಳಲಿಲ್ಲ. ಮೇಜಿನ ಮೇಲಿದ್ದ ನಮ್ಮ ಕಾಫಿ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡು, "ದೀಪ ಆರಿಸಲೆ ಸಾರ್?" ಎಂದಷ್ಟೇ ಕೇಳಿದರು.