ಹೆಡ್‌ಲೈಟ್ ಕವರ್: ಅಂದ ಎಷ್ಟು, ಬೆಳಕು ಎಷ್ಟು?

ಕಳೆದ ಮಳೆಗಾಲದಲ್ಲಿ ನಮ್ಮ ಮಾಮು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ಮನೆಗೆ ತರುವ ಮೊದಲೇ ಅದರ ಹೆಡ್‌ಲೈಟ್‌ಗಳಿಗೆ ಕಪ್ಪು ಛಾಯೆಯ ಪ್ಲಾಸ್ಟಿಕ್ ಕವರ್ ಹಾಕಿಸಿದ್ದರು. ಹಗಲಲ್ಲಿ ನೋಡಿದರೆ ಕಾರು ಕೂಲಿಂಗ್ ಗ್ಲಾಸ್ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ನಾನೂ ಹೊಗಳಿದೆ.

ಒಂದು ವಾರದ ನಂತರ ಭದ್ರಾವತಿಯಲ್ಲಿ ಮದುವೆ ಊಟ ಮುಗಿಸಿ ರಾತ್ರಿ ಶಿವಮೊಗ್ಗಕ್ಕೆ ವಾಪಸ್ ಬರುತ್ತಿದ್ದೆವು. ತುಂತುರು ಮಳೆ. ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ದಿಢೀರನೆ ಎದುರಿಗೆ ಕಂಡಿತು. ಅದರ ಹಿಂದೆ ಕೆಂಪು ದೀಪ ಇರಲಿಲ್ಲ. ಮಾಮು ಬ್ರೇಕ್ ಒತ್ತಿದರು, ಅಮ್ಮಿ ‘ಯಾ ಅಲ್ಲಾಹ್’ ಎಂದು ಕೂಗಿದರು. ಕಾರು ನಿಂತಾಗ ನಡುವೆ ಒಂದು ಮೊಳದಷ್ಟು ಜಾಗ ಉಳಿದಿತ್ತು. ತಪ್ಪು ಟ್ರೇಲರ್‌ನದೂ ಹೌದು. ಆದರೆ ಅದು ನಮಗೆ ಅಷ್ಟು ತಡವಾಗಿ ಕಂಡದ್ದು ಏಕೆ?

ನಾನು ಕಾಮರ್ಸ್ ವಿದ್ಯಾರ್ಥಿ. ವಿಜ್ಞಾನ ವಿಭಾಗದ ಗೆಳೆಯನ ಹತ್ತಿರ ಕೇಳಿ ಲೆಕ್ಕ ಹಾಕಿದೆ. ಬಲ್ಬಿನ ಬೆಳಕು 100 ರೂಪಾಯಿ ಎಂದುಕೊಳ್ಳಿ. ಪೂರ್ತಿ ಪಾರದರ್ಶಕ ಕವರ್ ಕೂಡ ಅದರ ಒಳಮೈ, ಹೊರಮೈ ಎರಡರಲ್ಲೂ ಸುಮಾರು 4 ರೂಪಾಯಿಯಂತೆ ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಅಂದರೆ ಸುಮಾರು 8 ರೂಪಾಯಿ ಅಲ್ಲೇ ಖರ್ಚು. ಕಪ್ಪು ಛಾಯೆಯದಾದರೆ ಪ್ಲಾಸ್ಟಿಕ್ಕೇ ಬೆಳಕನ್ನು ಹೀರಿಕೊಳ್ಳುತ್ತದೆ. ಅರ್ಧದಷ್ಟು ಹೋಯಿತು ಎಂದು ಇಟ್ಟುಕೊಳ್ಳೋಣ. ಮೊದಲು 50 ಮೀಟರ್ ದೂರದಲ್ಲಿ ಬೀಳುತ್ತಿದ್ದಷ್ಟು ಬೆಳಕು ಈಗ 35 ಮೀಟರ್ ದೂರದಲ್ಲೇ ಸಿಗುತ್ತದೆ.

ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣಿಗೆ ಕಂಡು ಕಾಲು ಬ್ರೇಕ್‌ಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡ್ ಮುಗಿದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲೂ ನಿಲ್ಲಲು 20 ಮೀಟರ್‌ಗಿಂತ ಹೆಚ್ಚು ಬೇಕು. ಒಟ್ಟು 40 ಮೀಟರ್ ಸಮೀಪ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ಕಾಣುವುದು 35 ಮೀಟರ್ ಆದರೆ ಲೆಕ್ಕ ತಾಳೆಯಾಗುವುದಿಲ್ಲ.

ಎರಡನೆಯ ನಷ್ಟ ಬೆಳಕಿನ ಆಕಾರದ್ದು. ಡಿಮ್ ಲೈಟ್ ರಸ್ತೆಯ ಕಡೆಗೆ ಬಾಗಿ, ಎದುರಿನವರ ಕಣ್ಣಿಗೆ ಬೀಳದಂತೆ ಮೇಲ್ಭಾಗದಲ್ಲಿ ಕತ್ತರಿಸಿದ ಹಾಗಿರುತ್ತದೆ. ಕವರಿನ ಗೀರು, ಧೂಳು, ಅಂಟಿನ ಗುಳ್ಳೆ, ಒಳಗೆ ಸೇರಿದ ತೇವ ಇವೆಲ್ಲ ಬೆಳಕನ್ನು ಎಲ್ಲೆಂದರಲ್ಲಿ ಚದುರಿಸುತ್ತವೆ. ಜಾಲರಿ ಕವರ್ ರಸ್ತೆಯ ಮೇಲೆ ನೆರಳಿನ ಪಟ್ಟೆ ಬೀಳಿಸುತ್ತದೆ. ನಮಗೆ ರಸ್ತೆ ಕಡಿಮೆ ಕಾಣುತ್ತದೆ, ಎದುರಿನವರ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಮಂಜು ಮುಸುಕಿದ ಆಗುಂಬೆ ಘಾಟಿಯಲ್ಲಿ ಇದು ಏನಾಗಬಹುದು, ನೀವೇ ಯೋಚಿಸಿ.

ಬೆಳಕು ಸಾಲದು ಎಂದು ಕೆಲವರು ಹ್ಯಾಲೊಜೆನ್ ಬಲ್ಬ್ ತೆಗೆದು ಹೆಚ್ಚು ಪ್ರಖರದ ಎಲ್‌ಇಡಿ ಹಾಕಿಸುತ್ತಾರೆ. ಆದರೆ ಒಳಗಿನ ರಿಫ್ಲೆಕ್ಟರ್ ಹಳೆಯ ಬಲ್ಬಿನ ತಂತಿ ಇರುವ ಜಾಗಕ್ಕೆ ತಕ್ಕಂತೆ ಮಾಡಿದ್ದು. ಬಲ್ಬ್ ಬದಲಾದರೆ ಬೆಳಕು ದಾರಿ ತಪ್ಪುತ್ತದೆ. ಕಣ್ಣು ಕುಕ್ಕುವ ಇಂಥ ದೀಪಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆಯನ್ನು ಕರ್ನಾಟಕ ಪೊಲೀಸರು 2024ರ ಜುಲೈಯಲ್ಲಿ ಆರಂಭಿಸಿದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಮುಂದಿನ ದೀಪದ ಬೆಳಕು ಕೆಳಕ್ಕೆ ಬಾಗಿರಬೇಕು ಎನ್ನುತ್ತವೆ.

1971ರ ಯುದ್ಧದ ಸಮಯದಲ್ಲಿ ವೈರಿಯ ವಿಮಾನಗಳಿಗೆ ಕಾಣಬಾರದೆಂದು ವಾಹನಗಳ ಹೆಡ್‌ಲೈಟ್‌ನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದೇ ಕಡಿಮೆ ಬೆಳಕು. ನಾವು ಯಾವ ಯುದ್ಧವೂ ಇಲ್ಲದೆ ದುಡ್ಡು ಕೊಟ್ಟು ಅದನ್ನೇ ಮಾಡಿಸಿಕೊಳ್ಳುತ್ತಿದ್ದೇವೆ.

ಹಾಗಂತ ಅಲಂಕಾರವೇ ಬೇಡ ಎಂದಲ್ಲ. ಗಾಜಿನ ಮೇಲೆ ಬಾರದಂತೆ ಸುತ್ತಲೂ ಕೂರುವ ಕ್ರೋಮ್ ಅಂಚು ಬೆಳಕಿಗೆ ಅಡ್ಡಿ ಮಾಡುವುದಿಲ್ಲ. ಹಳದಿಯಾದ ಹೆಡ್‌ಲೈಟ್‌ಗೆ ಪಾಲಿಶ್ ಮಾಡಿಸಿದರೆ ಕಾರೂ ಹೊಸದರಂತೆ ಕಾಣುತ್ತದೆ, ಬೆಳಕೂ ಹೆಚ್ಚುತ್ತದೆ.

ನಿಮ್ಮ ಮನೆಯ ಕಾರಿಗೂ ಕವರ್ ಇದ್ದರೆ ರಾತ್ರಿ ಒಂದು ಗೋಡೆಯ ಎದುರು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಒಂದು ಕಡೆಯ ಕವರ್ ಮಾತ್ರ ತೆಗೆದು ಲೈಟ್ ಹಾಕಿ ನೋಡಿ. ನಾವು ನಮ್ಮ ಗಲ್ಲಿಯಲ್ಲಿ ಹೀಗೇ ಮಾಡಿದೆವು. ಗೋಡೆಯ ಒಂದು ಬದಿ ಹಾಲಿನಂತೆ, ಇನ್ನೊಂದು ಬದಿ ಚಹಾದಂತೆ ಕಂಡಿತು. ಮಾಮು ಏನೂ ಮಾತಾಡಲಿಲ್ಲ. ಎರಡನೆಯ ಕವರನ್ನೂ ತಾವೇ ಕಿತ್ತು ನನ್ನ ಕೈಗೆ ಕೊಟ್ಟರು.