ಎರಡು ಮುಳ್ಳು, ಒಂದೇ ಸುಳ್ಳು
1970ರ ದಶಕದ ಬ್ರಿಟಿಷ್ ಮಿನಿ ಕಾರು. ಟ್ಯಾಂಕು ಅರ್ಧ ಇದ್ದರೂ ಪೆಟ್ರೋಲ್ ಮುಳ್ಳು ‘ಫುಲ್’ ಅನ್ನುತ್ತೆ. ಎಂಜಿನ್ ಸರಿಯಿದ್ದರೂ ತಾಪದ ಮುಳ್ಳು ಕೆಂಪಿನತ್ತ ಏರುತ್ತೆ.

ಲ್ಯಾಬಿನಲ್ಲಿ ಎರಡು ಮಾದರಿಗಳು ಒಂದೇ ದಿಕ್ಕಿಗೆ ತಪ್ಪಿದರೆ, ಎರಡಕ್ಕೂ ಹಾಕಿದ ದ್ರಾವಣವನ್ನೇ ನಾವು ಮೊದಲು ಅನುಮಾನಿಸುತ್ತೇವೆ. ಇಲ್ಲೂ ಹಾಗೇ. ಎರಡೂ ಮುಳ್ಳಿಗೆ ಕರೆಂಟ್ ಬರೋದು ಸ್ಪೀಡೋಮೀಟರ್ ಬೆನ್ನಲ್ಲಿರುವ ವೋಲ್ಟೇಜ್ ಸ್ಟೆಬಿಲೈಸರ್‌ನಿಂದ. ಒಳಗಿನ ಜೋಡಿಲೋಹದ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ಕಡಿಯುತ್ತೆ, ತಣಿದು ಮತ್ತೆ ಕೂಡುತ್ತೆ; ಸರಾಸರಿ 10 ವೋಲ್ಟ್ ಸಿಗುತ್ತೆ. ಅದರ ಅರ್ಥಿಂಗ್ ತುಕ್ಕು ಹಿಡಿದರೆ ಪಟ್ಟಿ ಬಿಸಿಯಾಗಲ್ಲ. ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮುಳ್ಳುಗಳಿಗೆ ನುಗ್ಗುತ್ತೆ.

ಹಾಗಾಗಿ ರೇಡಿಯೇಟರ್ ಬಿಚ್ಚುವ ಮುಂಚೆ ತುಕ್ಕು ಉಜ್ಜಿ, ಸ್ಕ್ರೂ ಬಿಗಿ ಮಾಡಿ. ಒಂದೇ ಮುಳ್ಳು ಕೆಟ್ಟಿದ್ದರೆ ಅದರ ತಂತಿ, ಸೆಂಡರ್ ನೋಡಿ. ಅಲ್ಲಿವರೆಗೆ ‘ಫುಲ್’ ನಂಬಿ ಮೋಟರ್‌ವೇ ಹತ್ತಬೇಡಿ!