ಫೋನ್ ಬದಲಿಸುವ ಮುನ್ನ ಹದಿನೈದು ದಿನದ ಪರೀಕ್ಷೆ: ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೊರಟವರು ತಿಳಿದಿರಬೇಕಾದದ್ದು

ಬಂಡೂರು (ಮಂಡ್ಯ ಜಿಲ್ಲೆ): ಮಳವಳ್ಳಿ ತಾಲ್ಲೂಕಿನ ಈ ಊರಿನ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ್ದು ಇಲ್ಲಿನ ಕುರಿ. ಗಿಡ್ಡ ಕಾಲು, ಪೀಪಾಯಿಯಂತಹ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದಂತೆ ಕಾಣುವ ತೊಡೆಗಳ ಬಾಗು ಇವೆಲ್ಲ ಬಂಡೂರು ತಳಿಯ ಗುರುತುಗಳು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹರಡಿರುವ ಈ ತಳಿ ಮಾಂಸದ ರುಚಿಗೆ ಹೆಸರುವಾಸಿ. ಇದರ ಟಗರುಗಳು ಲಕ್ಷ ರೂಪಾಯಿ ದಾಟಿದ ಬೆಲೆಗೆ ಮಾರಾಟವಾಗಿ ಸುದ್ದಿಯಾದದ್ದೂ ಉಂಟು. ಬೆರಕೆ ಕುರಿಗಳ ನಡುವೆ ಶುದ್ಧ ತಳಿ ಹುಡುಕುವುದು ಕಷ್ಟವಾಗಿರುವ ಈ ದಿನಗಳಲ್ಲಿ ದೂರದ ಊರಿನ ಖರೀದಿದಾರ ಚಿತ್ರ ಕೇಳುತ್ತಾನೆ, ವಿಡಿಯೊ ಕೇಳುತ್ತಾನೆ, ಒಪ್ಪಿಗೆಯಾದರೆ ಮುಂಗಡವನ್ನು ಯುಪಿಐ ಮೂಲಕ ಕಳುಹಿಸುತ್ತಾನೆ. ಹೀಗಾಗಿ ಕುರಿ ಸಾಕುವವನ ಅಂಗಡಿ, ಲೆಕ್ಕದ ಪುಸ್ತಕ, ಗಲ್ಲಾಪೆಟ್ಟಿಗೆ ಮೂರೂ ಒಂದೇ ಜೇಬಿನಲ್ಲಿರುವ ಫೋನಿಗೆ ಸೇರಿಹೋಗಿವೆ.

ಇಂತಹ ಒಬ್ಬ ಸಾಕಣೆದಾರ ಹಲವು ವರ್ಷ ಬಳಸಿದ ಆಂಡ್ರಾಯ್ಡ್ ಫೋನ್ ಬಿಟ್ಟು ಐಫೋನ್ ಕೊಳ್ಳಬೇಕೆಂದುಕೊಂಡರೆ ಏನೇನು ಯೋಚಿಸಬೇಕು? ಬೆಂಗಳೂರಿನ ಕಚೇರಿ ನೌಕರ, ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ, ಮಂಗಳೂರಿನ ಶಿಕ್ಷಕಿ ಇವರೆಲ್ಲರ ಮುಂದಿರುವ ಪ್ರಶ್ನೆಯೂ ಇದೇ ಆಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗ ಐಫೋನ್ 17ರ ಆರಂಭಿಕ ಬೆಲೆ 82,900 ರೂಪಾಯಿ ಇತ್ತು. ಕುರಿಯನ್ನು ಕೊಳ್ಳುವಾಗ ಬೆನ್ನು ಮುಟ್ಟಿ, ಹಲ್ಲು ನೋಡಿ ದರ ಕಟ್ಟುವ ಜನ ಇಷ್ಟು ಹಣ ಸುರಿಯುವ ವಸ್ತುವನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಐದು ನಿಮಿಷ ತಿರುಗಿಸಿ ನೋಡಿ ಕೊಂಡುಬಿಡುವುದು ವಿಚಿತ್ರವೇ ಸರಿ.

ಎರಡೇ ಉಳಿದ ಕಣ

ಮೊಬೈಲ್‌ನ ಕಾರ್ಯಾಚರಣೆ ವ್ಯವಸ್ಥೆ ಎಂದರೆ ಯಂತ್ರಾಂಶ ಮತ್ತು ಬಳಕೆದಾರನ ನಡುವೆ ನಿಲ್ಲುವ ಮೂಲ ತಂತ್ರಾಂಶ. ಫೋನಿನ ಕಂಪನಿ ಬದಲಿಸುವುದು ಸುಲಭ. ಈ ವ್ಯವಸ್ಥೆಯನ್ನು ಬದಲಿಸುವುದು ಮನೆ ಬದಲಿಸಿದಂತೆ. ಐಫೋನ್ ಭಾರತದ ಮಾರುಕಟ್ಟೆಗೆ ಅಧಿಕೃತವಾಗಿ ಬಂದದ್ದು 2008ರ ಆಗಸ್ಟ್‌ನಲ್ಲಿ. ಆಗ 8 ಜಿಬಿ ಮಾದರಿಯ ಬೆಲೆ 31,000 ರೂಪಾಯಿ ಇತ್ತು. ಆಂಡ್ರಾಯ್ಡ್ ಫೋನ್ ಬಂದದ್ದು 2009ರಲ್ಲಿ. ಆ ವೇಳೆಗೆ ಕಣದಲ್ಲಿದ್ದ ನೋಕಿಯಾದ ಸಿಂಬಿಯನ್, ಬ್ಲ್ಯಾಕ್‌ಬೆರಿ, ಆಮೇಲೆ ಬಂದ ವಿಂಡೋಸ್ ಫೋನ್ ಎಲ್ಲವೂ ಒಂದೊಂದಾಗಿ ತೆರೆಮರೆಗೆ ಸರಿದವು. ವಿಂಡೋಸ್ ಫೋನನ್ನು ನಂಬಿ ಕೊಂಡವರಿಗೆ ಏನಾಯಿತೆಂಬುದನ್ನು ನೆನಪಿಸಿಕೊಂಡರೆ ವ್ಯವಸ್ಥೆಯ ಆಯ್ಕೆ ಏಕೆ ಮುಖ್ಯ ಎಂಬುದು ಅರ್ಥವಾದೀತು. ಈಗ ಉಳಿದಿರುವುದು ಗೂಗಲ್‌ನ ಆಂಡ್ರಾಯ್ಡ್ ಮತ್ತು ಆಪಲ್‌ನ ಐಓಎಸ್. ಭಾರತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಫೋನ್‌ಗಳು ಆಂಡ್ರಾಯ್ಡ್‌ನವು.

ಐಫೋನ್ ಈಗ ಕನ್ನಡ ನಾಡಿಗೆ ಹೊರಗಿನದೇನಲ್ಲ. ವಿಸ್ಟ್ರಾನ್ ಕಂಪನಿ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಣೆ ಆರಂಭಿಸಿತು. ಬಳಿಕ ಕೋಲಾರದ ನರಸಾಪುರದಲ್ಲಿ ಅದು ಸ್ಥಾಪಿಸಿದ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಪಾಲಾಯಿತು. ಆಪಲ್‌ನ ಸ್ವಂತ ಮಳಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ತೆರೆದದ್ದು 2025ರ ಸೆಪ್ಟೆಂಬರ್ 2ರಂದು.

ಕನ್ನಡದ ಪರೀಕ್ಷೆ ಮೊದಲು

ಕನ್ನಡಿಗ ಮೊದಲು ನೋಡಬೇಕಾದದ್ದು ಕ್ಯಾಮೆರಾ ಅಲ್ಲ, ಕೀಲಿಮಣೆ. 2012ಕ್ಕೆ ಮೊದಲಿನ ಬಹುಪಾಲು ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡದ ಜಾಲತಾಣ ತೆರೆದರೆ ಅಕ್ಷರಗಳ ಬದಲು ಚೌಕಗಳು ಕಾಣುತ್ತಿದ್ದವು. ಒಪೇರಾ ಮಿನಿ ಎಂಬ ಬ್ರೌಸರಿನ ಒಳಗೆ ಹೊಕ್ಕು, ಅಕ್ಷರಗಳನ್ನು ಚಿತ್ರರೂಪದಲ್ಲಿ ತೋರಿಸುವಂತೆ ಸೆಟ್ಟಿಂಗ್ ಬದಲಿಸಿ ಕನ್ನಡ ಸುದ್ದಿ ಓದಿದ ತಲೆಮಾರೊಂದು ಇದೆ. ಆಂಡ್ರಾಯ್ಡ್ 4.1ರ ಹೊತ್ತಿಗೆ ಪರಿಸ್ಥಿತಿ ಸುಧಾರಿಸಿತು. ಐಫೋನ್‌ನಲ್ಲಿ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಓಎಸ್ 11ರೊಂದಿಗೆ. ಅದೇ ವರ್ಷದ ಆಗಸ್ಟ್‌ನಲ್ಲಿ ಗೂಗಲ್ ಕನ್ನಡದಲ್ಲಿ ಮಾತನಾಡಿದ್ದನ್ನು ಬರಹವಾಗಿಸುವ ಸೌಲಭ್ಯ ಒದಗಿಸಿತು. 2024ರ ಐಓಎಸ್ 18ರಲ್ಲಿ ಅಕಾರಾದಿ ಕ್ರಮದ ಕೀಲಿಮಣೆ, ಕನ್ನಡ ಬೆರೆಸಿ ಮಾತನಾಡಿದರೂ ಅರ್ಥಮಾಡಿಕೊಳ್ಳುವ ಸಿರಿ ಸೇರಿದವು. 2025ರ ಐಓಎಸ್ 18.4ರಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳನ್ನು ಫೋನಿನ ಮುಖ್ಯ ಭಾಷೆಯಾಗಿ ಆರಿಸಿಕೊಳ್ಳುವ ಅವಕಾಶ ಬಂದಿತು.

ಕಾಗದದ ಮೇಲೆ ಎರಡೂ ಸರಿಸಮ ಎನ್ನಿಸಬಹುದು. ಬೆರಳಿನ ಅಭ್ಯಾಸ ಬೇರೆ ಮಾತು. ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ಕನ್ನಡ ಪಡೆಯುವವರು, ಕನ್ನಡದ ಕೀಲಿಗಳನ್ನೇ ಒತ್ತುವವರು, ಬಾಯಲ್ಲಿ ಹೇಳಿ ಬರೆಸುವವರು ಹೀಗೆ ಬಳಕೆದಾರರಲ್ಲಿ ಮೂರು ಬಗೆ. ಪರೀಕ್ಷೆಯ ಮೊದಲ ದಿನವೇ ‘ಜ್ಞಾನ’, ‘ಕಾರ್ತಿಕ’, ‘ಸ್ತ್ರೀ’ ಎಂಬಂತಹ ಒತ್ತಕ್ಷರ, ಅರ್ಕಾವತ್ತುಗಳ ಪದಗಳನ್ನು ಎರಡೂ ಫೋನಿನಲ್ಲಿ ಹೊಡೆದು ನೋಡಬೇಕು. ಹೊಗೆ ತುಂಬಿದ ರಸ್ತೆಯಲ್ಲಿ, ಕುರಿಗಳ ಸದ್ದಿನ ನಡುವೆ ಮಾತನಾಡಿ ಬರೆಸಬೇಕು. ಮಳವಳ್ಳಿಯ ಕನ್ನಡವನ್ನು ಯಂತ್ರ ಎಷ್ಟು ಕೇಳಿಸಿಕೊಳ್ಳುತ್ತದೆ ಎಂಬುದನ್ನು ಅಂಗಡಿಯ ಹವಾನಿಯಂತ್ರಿತ ಮೌನದಲ್ಲಿ ತಿಳಿಯಲಾಗದು.

ಪರೀಕ್ಷೆ ಹೇಗೆ

ಐಫೋನ್‌ನವರು ಆಂಡ್ರಾಯ್ಡ್ ರುಚಿ ನೋಡಲು ಕಂಪನಿಗಳೇ ದಾರಿ ಮಾಡಿಕೊಟ್ಟಿವೆ. ಸ್ಯಾಮ್ಸಂಗ್ 2015ರ ಆಗಸ್ಟ್‌ನಲ್ಲಿ ಅಮೆರಿಕದ ಐಫೋನ್ ಬಳಕೆದಾರರಿಗೆ ಒಂದು ಡಾಲರ್‌ಗೆ 30 ದಿನ ತನ್ನ ಫೋನ್ ಬಳಸಲು ಕೊಟ್ಟಿತ್ತು. 2021ರಲ್ಲಿ ನ್ಯೂಜಿಲೆಂಡ್‌ನಲ್ಲಿ ಇನ್ನೂ ಅಗ್ಗದ ಉಪಾಯ ಹೂಡಿತು. ಐಫೋನ್‌ನ ಬ್ರೌಸರಿನಲ್ಲಿ ಒಂದು ಪುಟ ತೆರೆದು ಮುಖಪರದೆಗೆ ಸೇರಿಸಿಕೊಂಡರೆ ಗ್ಯಾಲಕ್ಸಿ ಫೋನಿನ ಹೋಲಿಕೆಯ ಪರದೆ ಮೂಡುತ್ತದೆ. ಈಗ ಇದು ‘ಟ್ರೈ ಗ್ಯಾಲಕ್ಸಿ’ ಎಂಬ ಹೆಸರಿನಲ್ಲಿದೆ. ಗುಂಡಿಗಳು ಎಲ್ಲಿವೆ, ಪರದೆ ಹೇಗೆ ಸರಿಯುತ್ತದೆ ಎಂಬುದಷ್ಟೇ ಇದರಿಂದ ತಿಳಿಯುವುದು. ಬ್ಯಾಟರಿ, ನೆಟ್‌ವರ್ಕ್, ಸ್ವಂತ ಆಪ್‌ಗಳ ವಿಷಯ ಇದರಲ್ಲಿ ತಿಳಿಯದು. ಆಂಡ್ರಾಯ್ಡ್‌ನಲ್ಲಿ ಐಫೋನ್‌ನಂತೆ ಕಾಣಿಸುವ ‘ಲಾಂಚರ್’ಗಳು ಹೇರಳವಾಗಿ ಸಿಗುತ್ತವೆ. ಅವು ಹಳೆಯ ಗೋಡೆಗೆ ಹೊಸ ಸುಣ್ಣ ಬಳಿದಂತೆ. ಕೆಲವು ಕೇಳುವ ಅನುಮತಿಗಳನ್ನು ನೋಡಿದರೆ ದೂರವಿರುವುದೇ ಕ್ಷೇಮ.

ಆದ್ದರಿಂದ ಆಂಡ್ರಾಯ್ಡ್‌ನಿಂದ ಹೊರಟವರಿಗೆ ಉಳಿಯುವ ನಿಜವಾದ ದಾರಿ ಎಂದರೆ ನೆಂಟರದೋ ಗೆಳೆಯರದೋ ಹಳೆಯ ಐಫೋನ್ ಎರವಲು ಪಡೆದು ಹದಿನೈದು ದಿನ ಬಳಸುವುದು. ಮೂಲೆಯಲ್ಲಿ ಬಿದ್ದಿರುವ ಐದಾರು ವರ್ಷ ಹಳೆಯ ಫೋನ್ ಆದರೂ ಆದೀತು, ಆದರೆ ಈಗಿನ ಐಓಎಸ್ ಆವೃತ್ತಿ ಅದರಲ್ಲಿ ನಡೆಯುವಂತಿರಬೇಕು. ಹಳೆಯ ಬ್ಯಾಟರಿಯನ್ನು ನೋಡಿ ಹೊಸ ಫೋನಿನ ಬ್ಯಾಟರಿಯ ಬಗ್ಗೆ ತೀರ್ಪು ಕೊಡಬಾರದು.

ಸಿಮ್ ತೆಗೆಯುವ ಅಗತ್ಯವಿಲ್ಲ. ತನ್ನ ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಹಾಕಿ ಎರವಲಿನ ಐಫೋನ್‌ಗೆ ಅಂತರಜಾಲ ಕೊಡಬಹುದು. ವಾಟ್ಸ್ಆ್ಯಪ್ 2023ರ ಏಪ್ರಿಲ್‌ನಲ್ಲಿ ಒಂದೇ ಖಾತೆಯನ್ನು ಮುಖ್ಯ ಫೋನಿನ ಜೊತೆಗೆ ಇನ್ನೂ ನಾಲ್ಕು ಸಾಧನಗಳಲ್ಲಿ, ಫೋನ್‌ಗಳೂ ಸೇರಿ, ಬಳಸಲು ಅವಕಾಶ ಕೊಟ್ಟಿತು. ಹೊಸ ಫೋನಿನಲ್ಲಿ ಸಂಖ್ಯೆ ನಮೂದಿಸುವ ಬದಲು ಇರುವ ಖಾತೆಗೆ ಜೋಡಿಸುವ ಆಯ್ಕೆಯನ್ನು ಒತ್ತಿ, ಹಳೆಯ ಫೋನಿನಿಂದ ಚೌಕಸಂಕೇತವನ್ನು ಸ್ಕ್ಯಾನ್ ಮಾಡಿದರೆ ಸಂದೇಶಗಳು ಎರಡೂ ಕಡೆ ಬರುತ್ತವೆ. ಖರೀದಿದಾರರ ಸಂದೇಶಗಳನ್ನು ಐಫೋನ್‌ನಲ್ಲಿ ಓದಿ, ಉತ್ತರಿಸಿ, ಚಿತ್ರ ಕಳಿಸಿ ನೋಡಬಹುದು. ಹಳೆಯ ಫೋನ್ ಮಾತ್ರ 14 ದಿನಕ್ಕೊಮ್ಮೆಯಾದರೂ ಸಂಪರ್ಕಕ್ಕೆ ಬರುತ್ತಿರಬೇಕು.

ಹೆಸರು ಮತ್ತು ಸಂಖ್ಯೆಗಳು ಗೂಗಲ್ ಖಾತೆಯಲ್ಲಿದ್ದರೆ ಐಫೋನ್‌ನ ಸೆಟ್ಟಿಂಗ್‌ನಲ್ಲಿ ಆ ಖಾತೆ ಸೇರಿಸಿದ ಕೂಡಲೇ ಬರುತ್ತವೆ. ಸಿಮ್‌ನಲ್ಲೋ ಫೋನಿನ ಸ್ಮೃತಿಯಲ್ಲೋ ಉಳಿಸಿದವು ಬರುವುದಿಲ್ಲ. ಈ ಸತ್ಯ ಪರೀಕ್ಷೆಯ ವೇಳೆಯೇ ತಿಳಿದರೆ ನಷ್ಟವಿಲ್ಲ. ಐಫೋನ್ 2017ರಿಂದ ಚಿತ್ರಗಳನ್ನು ‘ಹೈಕ್’ ಮಾದರಿಯಲ್ಲಿ ಉಳಿಸುತ್ತದೆ. ಅರ್ಜಿಯ ಜಾಲತಾಣಗಳು ಸಾಮಾನ್ಯವಾಗಿ ಜೆಪಿಜಿ ಕೇಳುತ್ತವೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಇದನ್ನು ಬದಲಿಸಬಹುದಾದರೂ ಕೊನೆಯ ದಿನ ಸೈಬರ್ ಕೇಂದ್ರದಲ್ಲಿ ಕುಳಿತು ಕಂಡುಕೊಳ್ಳುವ ವಿಷಯ ಇದಲ್ಲ.

ಸರ್ಕಾರದ ಆಪ್‌ಗಳ ಪಟ್ಟಿ

ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ವಿವರವನ್ನು ಬೆಳೆ ಸಮೀಕ್ಷೆ ಆಪ್ ಮೂಲಕ ದಾಖಲಿಸುವ ಪದ್ಧತಿ ಬಂದಿದೆ. ಹೊಲದಲ್ಲೇ ನಿಂತು ಸರ್ವೆ ನಂಬರ್‌ಗೆ ಅನುಗುಣವಾಗಿ ಬೆಳೆಯ ಚಿತ್ರ ತೆಗೆದು ಕಳಿಸಬೇಕು. ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಇವುಗಳಿಗೆಲ್ಲ ಈ ದಾಖಲೆ ಆಧಾರ. ಈ ಆಪ್ ಅನ್ನು ರೈತರು ಇಳಿಸಿಕೊಂಡದ್ದು ಗೂಗಲ್ ಪ್ಲೇ ಸ್ಟೋರ್‌ನಿಂದ. ಫೋನ್ ಬದಲಿಸುವವರು ತಾವು ವರ್ಷದಲ್ಲಿ ಒಮ್ಮೆಯಾದರೂ ತೆರೆಯುವ ಆಪ್‌ಗಳ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಎರವಲು ಐಫೋನ್‌ನ ಆಪ್ ಸ್ಟೋರ್‌ನಲ್ಲಿ ಒಂದೊಂದನ್ನೂ ಹುಡುಕಬೇಕು. ಬ್ಯಾಂಕ್, ಡಿಜಿಲಾಕರ್, ಯುಪಿಐ ಆಪ್‌ಗಳು ಎರಡೂ ಕಡೆ ಇವೆ. ಇಲಾಖೆಗಳ, ಸಹಕಾರ ಸಂಘಗಳ, ಶಾಲೆಗಳ ಸಣ್ಣ ಆಪ್‌ಗಳದ್ದೇ ಅನುಮಾನ. ಮನೆಯಲ್ಲಿ ಇನ್ನೊಂದು ಆಂಡ್ರಾಯ್ಡ್ ಫೋನ್ ಇದ್ದರೆ ಚಿಂತೆಯಿಲ್ಲ, ಇಲ್ಲದವರು ಇದೊಂದೇ ಕಾರಣಕ್ಕೆ ನಿರ್ಧಾರ ಮುಂದೂಡಿದರೂ ತಪ್ಪಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್‌ನ ಹೊರಗಿನಿಂದಲೂ ‘ಎಪಿಕೆ’ ಕಡತದ ಮೂಲಕ ಆಪ್ ಹಾಕಿಕೊಳ್ಳಬಹುದು. ಸಂಚಾರ ದಂಡದ ಚಲನ್, ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬಂದ ಇಂತಹ ಕಡತ ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡವರ ದೂರುಗಳು ಇತ್ತೀಚಿನ ವರ್ಷಗಳಲ್ಲಿ ಸೈಬರ್ ಠಾಣೆಗಳಿಗೆ ಬರುತ್ತಲೇ ಇವೆ. ಐಫೋನ್‌ನಲ್ಲಿ ಎಪಿಕೆ ಕಡತ ಕೆಲಸ ಮಾಡುವುದೇ ಇಲ್ಲ. ಒಟಿಪಿ ಹೇಳಿಬಿಡುವವರನ್ನು ಮಾತ್ರ ಯಾವ ವ್ಯವಸ್ಥೆಯೂ ಕಾಪಾಡದು.

ಹಣ ಮತ್ತು ಹಳೆಯ ಸಂದೇಶ

ಯುಪಿಐ ಆಪ್ ಅನ್ನು ಪರೀಕ್ಷೆಯ ಕೊನೆಗೆ ಬಿಡಬೇಕು. ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಖ್ಯೆಯ ಸಿಮ್ ಫೋನಿನಲ್ಲೇ ಇದೆಯೇ ಎಂದು ಒಂದು ಎಸ್ಎಂಎಸ್ ಕಳುಹಿಸಿ ಖಚಿತಪಡಿಸಿಕೊಳ್ಳುವುದು ಅದರ ಕ್ರಮ. ಆಂಡ್ರಾಯ್ಡ್‌ನಲ್ಲಿ ಈ ಸಂದೇಶ ತಾನಾಗಿ ಹೋಗುತ್ತದೆ, ಐಫೋನ್‌ನಲ್ಲಿ ಬಳಕೆದಾರನೇ ಕಳುಹಿಸುವ ಗುಂಡಿ ಒತ್ತಬೇಕು. ಹೊಸ ಫೋನಿನಲ್ಲಿ ನೋಂದಣಿಯಾದರೆ ಹಳೆಯ ಫೋನಿನಲ್ಲಿ ಅದೇ ಆಪ್ ನಿಂತುಹೋಗುತ್ತದೆ. ಸಂತೆಯ ದಿನ ಮುಂಗಡ ಬರಬೇಕಾದವನು ಈ ಪ್ರಯೋಗಕ್ಕೆ ಕೈಹಾಕಬಾರದು. ಎರಡು ಸಿಮ್ ಬಳಸುವವರು ಭಾರತದಲ್ಲಿ ಮಾರಾಟವಾಗುವ ಐಫೋನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಭೌತಿಕ ಸಿಮ್‌ಗೆ ಜಾಗವಿದ್ದು, ಎರಡನೆಯದು ಇ-ಸಿಮ್ ಆಗಬೇಕೆಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ವಾಟ್ಸ್ಆ್ಯಪ್‌ನ ಹಳೆಯ ಸಂದೇಶಗಳಲ್ಲಿ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್‌ಗೆ ಉಳಿಸಿದ ವಾಟ್ಸ್ಆ್ಯಪ್ ಬ್ಯಾಕಪ್ ಐಫೋನ್‌ನಲ್ಲಿ ತೆರೆಯುವುದಿಲ್ಲ. 2022ರಲ್ಲಿ ಬಂದ ವ್ಯವಸ್ಥೆಯಂತೆ ಆಪಲ್‌ನ ‘ಮೂವ್ ಟು ಐಓಎಸ್’ ಆಪ್ ಮೂಲಕ ಅವನ್ನು ಸಾಗಿಸಬಹುದು, ಆದರೆ ಐಫೋನ್ ಹೊಚ್ಚಹೊಸದಾಗಿ ಆರಂಭವಾಗುವಾಗ ಮಾತ್ರ. ಅಂಗಡಿಯವರು ಉತ್ಸಾಹದಿಂದ ಫೋನ್ ಆರಂಭಿಸಿ, ವಾಟ್ಸ್ಆ್ಯಪ್ ಹಾಕಿ ಕೈಗೆ ಕೊಟ್ಟರೆ ಆ ಬಾಗಿಲು ಮುಚ್ಚಿದಂತೆಯೇ. ಮತ್ತೆ ಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ಆರಂಭಿಸಬೇಕು. ಯಾರು ಯಾವ ಮರಿಗೆ ಎಷ್ಟು ಮುಂಗಡ ಕೊಟ್ಟರು ಎಂಬ ಲೆಕ್ಕ ಆ ಸಂದೇಶಗಳಲ್ಲೇ ಇರುವವನಿಗೆ ಇದು ಸಣ್ಣ ಮಾತಲ್ಲ. ಕೊಳ್ಳುವ ನಿರ್ಧಾರವಾದ ಮೇಲೆ ಪೆಟ್ಟಿಗೆ ಒಡೆಯದೆ ಮನೆಗೆ ತಂದು, ಎರಡೂ ಫೋನ್‌ಗಳನ್ನು ಚಾರ್ಜರ್‌ಗೆ ಹಾಕಿ, ಬಿಡುವಾಗಿ ಕುಳಿತು ಈ ಕೆಲಸ ಮಾಡುವುದು ಒಳ್ಳೆಯದು. ಹಳೆಯ ಫೋನನ್ನು ಕನಿಷ್ಠ ಒಂದು ತಿಂಗಳಾದರೂ ವಿನಿಮಯಕ್ಕೆ ಕೊಡಬಾರದು.

ಬೇಡವೆಂದು ತೀರ್ಮಾನಿಸಿದವರಿಗೂ ಎರಡು ಕೆಲಸ ಉಳಿಯುತ್ತವೆ. ಎರವಲಿನ ಐಫೋನ್‌ನಲ್ಲಿ ತಮ್ಮ ಸಿಮ್ ಹಾಕಿದ್ದರೆ ಆ ಸಂಖ್ಯೆ ಐಮೆಸೇಜ್‌ಗೆ ನೋಂದಣಿಯಾಗಿರಬಹುದು. ಹಾಗೇ ಬಿಟ್ಟರೆ ಐಫೋನ್ ಇರುವ ಗೆಳೆಯರು ಕಳಿಸಿದ ಸಂದೇಶಗಳು ಆಂಡ್ರಾಯ್ಡ್‌ಗೆ ತಲುಪದೆ ಎಲ್ಲೋ ಸೇರುತ್ತವೆ. ಅಮೆರಿಕದಲ್ಲಿ ಈ ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು, 2014ರ ನವೆಂಬರ್‌ನಲ್ಲಿ ಆಪಲ್ ಸಂಖ್ಯೆಯನ್ನು ಹೊರತೆಗೆಯುವ ಪುಟವನ್ನೇ ತೆರೆಯಿತು. ಸಿಮ್ ತೆಗೆಯುವ ಮೊದಲು ಸೆಟ್ಟಿಂಗ್‌ನಲ್ಲಿ ಐಮೆಸೇಜ್ ನಿಲ್ಲಿಸಿದರೆ ಸಾಕು. ಎರಡನೆಯದಾಗಿ, ಫೋನ್ ಹಿಂದಿರುಗಿಸುವಾಗ ವಾಟ್ಸ್ಆ್ಯಪ್ ಜೋಡಣೆಯನ್ನು ಹಳೆಯ ಫೋನಿನಿಂದಲೇ ಕಡಿದು, ಗೂಗಲ್ ಮತ್ತು ಆಪಲ್ ಖಾತೆಗಳಿಂದ ಹೊರಬಂದು, ಆಮೇಲೆ ಅಳಿಸಬೇಕು. ಆಪಲ್ ಖಾತೆ ಬಿಡದೆ ಅಳಿಸಿದ ಫೋನ್ ಬೀಗ ಬಿದ್ದು ನಿಲ್ಲುತ್ತದೆ. ಎರವಲು ಕೊಟ್ಟ ನೆಂಟರಿಗೆ ಅದು ಮತ್ತೆ ಬೇಕಾದಾಗ ಗುಪ್ತಪದ ಕೇಳಿಕೊಂಡು ಬರುವ ಕರೆ ಯಾವ ಹೊತ್ತಿಗಾದರೂ ಬರಬಹುದು.